ಮೋಟರ್ ಮನೆಯ ಎರಡು ವಾಟ್

ಜನವರಿ 20, ಸೋಮವಾರ

ಈ ಡೈರಿ ಗೊಬ್ಬರದ ಅಂಗಡಿಯವರು ಬಿಟ್ಟಿ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಬೇವಿನ ಹಿಂಡಿಯ ಜಾಹೀರಾತು ಇದೆ. ಮೂವತ್ತು ವರ್ಷಕ್ಕೂ ಮೇಲೆ ಊರೂರು ತಿರುಗಿ ಕರೆಂಟ್ ಮೀಟರ್ ಓದಿ ಬರೆದವನು ನಾನು. ನನ್ನ ವಿಚಾರ ಮಾತ್ರ ಒಂದು ಸಾಲೂ ಬರೆದಿರಲಿಲ್ಲ. ಈಗ ಬಲಗಾಲಿನ ಮೂಳೆ ಮುರಿದು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ನಡುಮನೆಯ ಮಂಚದ ಮೇಲೆ ಬಿದ್ದಿದ್ದೇನೆ. ಬೇರೆ ಕೆಲಸವೂ ಇಲ್ಲ.

ನೋಡಲು ಬಂದವರೆಲ್ಲ "ಮರ ಹತ್ತಿದ್ರಾ?" ಎಂದು ಕೇಳುತ್ತಾರೆ. ನಾನು ಹೌದು ಎಂದೂ ಅನ್ನುವುದಿಲ್ಲ, ಇಲ್ಲ ಎಂದೂ ಅನ್ನುವುದಿಲ್ಲ. ಡೈರಿಗೆ ಸುಳ್ಳು ಹೇಳಿ ಲಾಭವಿಲ್ಲ. ಹಂದನಕೆರೆಯಲ್ಲಿ ನಾಮಕರಣದ ಊಟಕ್ಕೆ ಹೋಗಿದ್ದಾಗ ಮೊದಲ ಪಂಕ್ತಿಯಲ್ಲಿ ಜಾಗ ಹಿಡಿಯಲು ಓಡಿ, ಯಾರೋ ಚೆಲ್ಲಿದ್ದ ಪಾಯಸದ ಮೇಲೆ ಕಾಲಿಟ್ಟೆ.

ಆರು ವಾರ ಕಾಲು ಊರಬಾರದಂತೆ. ನನ್ನ ಚಿಂತೆ ಕಾಲಿನದಲ್ಲ, ತೋಟದ್ದು. ಕೆರೆ ಏರಿಯ ಕೆಳಗಿನ ತೋಟದಲ್ಲಿ ಚಿತ್ತಯ್ಯ ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಆದರೆ ನಾನು ಬುಡದಲ್ಲಿ ನಿಂತು ಹೇಳದೆ ಅವನು ಒಂದು ಗೊನೆ ಇಳಿಸಿದ್ದನ್ನು ನಾನು ಕಂಡಿಲ್ಲ. ನಾನಿಲ್ಲದಾಗ ಕಾಣಲು ನಾನು ಇರುವುದಿಲ್ಲವಲ್ಲ.

ಮನೆಯವಳಿಗೆ ಹೇಳಿದೆ. "ಅವ್ನು ಮಾಡ್ಕೋತಾನೆ ಬುಡ್ರಿ" ಎಂದಳು. ಉಸ್ತುವಾರಿ ಎಂದರೆ ಏನೆಂದು ಅವಳಿಗೆ ತಿಳಿಯದು.

ಜನವರಿ 25, ಶನಿವಾರ

ಉಪಾಯ ಸಿಕ್ಕಿತು. ಮನೆಗೆ ಇಂಟರ್‌ನೆಟ್ ಇದೆ. ಮಗಳು ಹೊಸದು ಕೊಂಡಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇದೆ, ಅದರ ಒಳಗಿನ ಬ್ಯಾಟರಿ ಮಾತ್ರ ಸತ್ತಿದೆ. ತೋಟದ ಮೋಟರ್ ಮನೆಯಲ್ಲಿ ದೀಪಕ್ಕೂ ಫ್ಯಾನಿಗೂ ಎಂದು ಹಾಕಿಸಿದ ಸೋಲಾರ್ ಹಲಗೆ, ಬ್ಯಾಟರಿ ಇವೆ. ಲ್ಯಾಪ್‌ಟಾಪನ್ನು ಅಲ್ಲಿಟ್ಟು, ಕಿಟಕಿಗೆ ಒಂದು ಕ್ಯಾಮೆರಾ ಕಟ್ಟಿದರೆ ಮಂಚದ ಮೇಲೆ ಮಲಗಿಯೇ ತೋಟ ನೋಡಬಹುದು. ಅಲ್ಲಿ ಮೊಬೈಲ್ ಸಿಗ್ನಲ್ ಮಾತಿಗೇ ಕಷ್ಟ, ಚಿತ್ರಕ್ಕಂತೂ ಇಲ್ಲ. ಆದ್ದರಿಂದ ನಮ್ಮ ಮನೆಯ ವೈಫೈಯನ್ನೇ ಅಲ್ಲಿಗೆ ಹಾಯಿಸಬೇಕು.

ತಿಪಟೂರಿನ ಅಂಗಡಿಯವನು ಬಂದು ತಾರಸಿಯ ಮೇಲೆ ಒಂದು ಬಿಳಿ ಡಬ್ಬ ಕಟ್ಟಿ ಹೋದ. ಲ್ಯಾಪ್‌ಟಾಪಿಗೆ ಚುಚ್ಚಲು ಒಂದು ವೈರ್‌ಲೆಸ್ ಕಾರ್ಡ್ ಕೊಟ್ಟ. ಕಾರ್ಡ್ ಎಂದರೆ ಇಸ್ಪೀಟಿನ ಎಲೆಯಂತೆ ಇರುತ್ತದೆ ಎಂದುಕೊಂಡಿದ್ದೆ. ಹೆಬ್ಬೆರಳಿನಷ್ಟು ಇದೆ, ಜೊತೆಗೊಂದು ಬಾಲದಂಥ ಆಂಟೆನಾ.

ಸಂಜೆ ಪರಮೇಶ ಎಂದಿನಂತೆ ಕಡ್ಲೆಪುರಿ ಹಿಡಿದು ಬಂದ. ಒಂದನೇ ಕ್ಲಾಸಿನಿಂದ ನನ್ನ ಜೊತೆ ಓದಿದವನು, ಈಗ ಕೊಬ್ಬರಿ ವ್ಯಾಪಾರಿ. ಅವನ ತೋಟ ನಮ್ಮ ಬೇಲಿಯ ಆಚೆಗೇ ಇದೆ.

"ಚಿತ್ತಯ್ಯ ನಿದ್ದೆ ಮಾಡೋದ್ ನೋಡಕೆ ಇಷ್ಟೆಲ್ಲ ಯಾಕ್ಲಾ?" ಎಂದ.

"ನಿದ್ದೆ ಮಾಡ್ತಾನೆ ಅಂತ ಗೊತ್ತಾಗ್ಬೇಕಲ್ಲ" ಎಂದೆ.

ಜನವರಿ 28, ಮಂಗಳವಾರ

ಚಿತ್ರ ಬಂತು! ಮನೆಯವಳೇ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ, ನಾನು ಫೋನಿನಲ್ಲಿ ಹೇಳಿದಂತೆ ಜೋಡಿಸಿದಳು. ಕಾಫಿ ಆರುವುದರೊಳಗೆ ನನ್ನ ಮೊಬೈಲಿನಲ್ಲಿ ತೋಟ ಮೂಡಿತು. ಟೀವಿ ರಿಮೋಟಿನಲ್ಲಿ ಎರಡು ಗುಂಡಿಗಿಂತ ಹೆಚ್ಚು ಗೊತ್ತಿಲ್ಲದವಳು ಅವಳು. ಪರಮೇಶನ ಹೆಂಡತಿ ಮಂಗಳಾ ಜೊತೆಗಿದ್ದಳಂತೆ. ನಾನು ವಿವರಿಸಿದ್ದು ಅಷ್ಟು ಸ್ಪಷ್ಟವಾಗಿತ್ತು ಎಂದಾಯಿತು.

ಚಿತ್ತಯ್ಯ ಕಾಯಿ ಸುಲಿಯುತ್ತಿದ್ದ. ಕ್ಯಾಮೆರಾ ಎದುರಿಗೆ ಹಾಯುವಾಗಲೆಲ್ಲ ತಲೆಯ ಟವಲ್ ತೆಗೆದು ಕೈ ಮುಗಿಯುತ್ತಾನೆ. ಬೆಳಗಿನಿಂದ ಎಷ್ಟು ಸಲ ಮುಗಿದನೋ. ಅದರಲ್ಲೇ ಅರ್ಧ ಕೆಲಸ ಹಾಳು. ಫೋನ್ ಮಾಡಿ, "ಕೈ ಮುಗೀಬ್ಯಾಡ ಕಣಪ್ಪ, ಅದು ಬರೀ ಕ್ಯಾಮೆರಾ" ಎಂದೆ.

"ಒಳಗೆ ನೀವ್ ಇದೀರಲ್ಲ ಸಾಮಿ" ಎಂದ.

ಫೆಬ್ರವರಿ 1, ಶನಿವಾರ

ದಿನಾ ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ಚಿತ್ರ ಹೋಗುತ್ತದೆ, ಬಿಸಿಲು ಇಳಿದ ಮೇಲೆ ಮತ್ತೆ ಬರುತ್ತದೆ. ಚಿತ್ತಯ್ಯ ಮಲಗುವ ಹೊತ್ತು ಅದೇ ಇರಬೇಕು. ತಂತಿ ಕೀಳುತ್ತಾನೋ ಹೇಗೆ? ಕೇಳಿದರೆ, "ನಾನ್ ಮುಟ್ಟಕಿಲ್ಲ ಸಾಮಿ" ಎಂದು ಎಳೆದು ಎಳೆದು ಹೇಳಿದ. ಏನೋ ನುಂಗಿಕೊಂಡಂತೆ ಕೇಳಿಸಿತು.

ಆ ಹೊತ್ತಿಗೆ ಮನೆಯವಳು ಚಿತ್ತಯ್ಯನಿಗೆ ಬುತ್ತಿ ಕೊಡಲು ತೋಟಕ್ಕೆ ಹೋಗಿರುತ್ತಾಳೆ. ಬಂದ ಮೇಲೆ ವಿಚಾರಿಸಿದೆ.

"ಬಿಸ್ಲಿಗೆ ಸಿಗ್ನಲ್ಲು ಬಾಡ್ತದಂತೆ ಕಣ್ರೀ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ."

ಹಾಗಾದರೆ ಪವರ್ ಸಾಲುತ್ತಿಲ್ಲ ಎಂದರ್ಥ. ಹೆಚ್ಚು ಪವರ್ ಬೇಕು.

ಫೆಬ್ರವರಿ 5, ಬುಧವಾರ

ಹೊಸ ಕಾರ್ಡ್ ಬಂತು. ಡಬ್ಬದ ಮೇಲೆ ಬೆಂಕಿಯ ಜ್ವಾಲೆಯ ಚಿತ್ರ, ದಪ್ಪ ಅಕ್ಷರದಲ್ಲಿ 2000, ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣದಾಗಿ ಮಿಲಿವಾಟ್. ಎಂದರೆ ಎರಡು ವಾಟ್. ಹಳೆಯದರ ಡಬ್ಬದ ಮೇಲೆ ಏನೂ ಬರೆದಿರಲಿಲ್ಲ. ಅಂಥದ್ದನ್ನು ಕೊಳ್ಳಲೇಬಾರದಿತ್ತು.

ಸಂಜೆ ಪರಮೇಶನಿಗೆ ಡಬ್ಬ ತೋರಿಸಿದೆ. ಕನ್ನಡಕ ತಂದಿರಲಿಲ್ಲ, ದೊಡ್ಡ ಅಕ್ಷರವನ್ನಷ್ಟೇ ಓದಿದ.

"ಎರಡ್ ಸಾವ್ರ? ನಮ್ಮನೆ ಗೀಸರ್ರೂ ಅಷ್ಟೇ ಕಣ್ಲಾ!"

ಮಿಲಿ ಎಂಬುದನ್ನು ಹೇಳಬೇಕೆಂದು ಬಾಯಿ ತೆರೆದೆ. ಅವನು ಅಷ್ಟು ದೊಡ್ಡ ಕಣ್ಣು ಮಾಡಿಕೊಂಡು ನೋಡುತ್ತಿದ್ದಾಗ ಮನಸ್ಸು ಬರಲಿಲ್ಲ. "ಮನಸ್ ಮಾಡಿದ್ರೆ ಇಲ್ಲಿಂದ ಸಂಪಿಗೆ ಊರಿನವರೆಗೂ ಹೊಡೀತದೆ" ಎಂದೆ. ಅವನು ಕಡ್ಲೆಪುರಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ. ಹೊಟ್ಟೆಕಿಚ್ಚು.

ಫೆಬ್ರವರಿ 7, ಶುಕ್ರವಾರ

ಮಧ್ಯಾಹ್ನ ಮತ್ತೆ ಚಿತ್ರ ಹೋಯಿತು. ಎರಡು ವಾಟ್ ಇದ್ದೂ! ಮನೆಯವಳು, "ಬಿಸ್ಲು ಜಾಸ್ತಿ ಆಗಿದೆ" ಎಂದಳು.

ಫೆಬ್ರವರಿ 11, ಮಂಗಳವಾರ

ಪರಮೇಶ ಬೆಳಿಗ್ಗೆಯೇ ಬಂದ. ಕಡ್ಲೆಪುರಿ ಇರಲಿಲ್ಲ. ಒಂದು ಚೀಲ ತಂದು ನನ್ನ ಮಂಚದ ಮೇಲೇ ಸುರಿದ. ತೆಂಗಿನ ಹರಳು. ಕಾಯಾಗುವ ಮೊದಲೇ ಉದುರಿದ ಎಳೆ ಹರಳು, ಗೋಲಿಯಿಂದ ನಿಂಬೆಹಣ್ಣಿನ ಗಾತ್ರದವರೆಗೆ.

"ನೋಡ್ಲಾ! ನಿನ್ ಗೀಸರ್ ಮಾಡಿರೋ ಕೆಲ್ಸ!"

"ಯಾವ ಗೀಸರ್ರು?"

"ಎರಡ್ ಸಾವ್ರ ವಾಟ್ ಗಾಳೀಗ್ ಬಿಟ್ಕಂಡು ಕುಂತಿದೀಯ. ನನ್ ಮರ ಬೇಯ್ತಾ ಅವೆ!"

ಆಗ ಮಿಲಿ ಎಂಬುದನ್ನು ಹೇಳಿದೆ. ಎರಡು ಸಾವಿರವಲ್ಲ, ಬರೀ ಎರಡು ಎಂದೆ. ಅವನು ನಂಬಲಿಲ್ಲ. "ಅವತ್ತು ಸಂಪಿಗೆವರೆಗೂ ಹೊಡೀತದೆ ಅಂದೆ, ಇವತ್ತು ಎರಡೇ ಅಂತೀಯ. ಯಾವುದ್ಲಾ ನಿಜ?" ಎಂದ. ನಾನೂ ದನಿ ಏರಿಸಿದೆ. ಬೇಸಿಗೆಯಲ್ಲಿ ಎಲ್ಲರ ತೋಟದಲ್ಲೂ ಹರಳು ಉದುರುತ್ತದೆ ಎಂದೆ. ನಿನ್ನ ತೋಟದಲ್ಲಿ ಯಾಕೆ ಉದುರಿಲ್ಲ ಎಂದ. ನಮ್ಮದು ನೋಡಿಕೊಳ್ಳುವ ತೋಟ ಎಂದೆ. ಅದನ್ನು ಹೇಳಬಾರದಿತ್ತೇನೋ. ಹೊಸಿಲು ದಾಟುವಾಗ ಅವನು ತಿರುಗಿ ಕೂಡ ನೋಡಲಿಲ್ಲ.

ಫೆಬ್ರವರಿ 12, ಬುಧವಾರ

ಪರಮೇಶ ಬರಲಿಲ್ಲ.

ಫೆಬ್ರವರಿ 13, ಗುರುವಾರ

ಬರಲಿಲ್ಲ. ಬರದಿದ್ದರೆ ನನಗೇನು?

ಫೆಬ್ರವರಿ 15, ಶನಿವಾರ

ಪರಮೇಶ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದಾನೆ. ಸದಸ್ಯ ಜುಂಜೇಶ್ ಬಂದು ವಿಷಯ ತಿಳಿಸಿದ. ತಿಳಿಸುವಾಗ ತಾರಸಿಯ ಡಬ್ಬಕ್ಕೆ ಬೆನ್ನು ಮಾಡಿಕೊಂಡು ನಿಂತಿದ್ದ. ಊರಿನಲ್ಲಿ ಏನೇನೋ ಹಬ್ಬಿದೆಯಂತೆ: ಒಬ್ಬರ ಮನೆಯ ಹಸು ಹಾಲು ಕಡಿಮೆ ಮಾಡಿದೆ, ಇನ್ನೊಬ್ಬರ ಮನೆಯಲ್ಲಿ ಹಿಟ್ಟು ಹುದುಗುತ್ತಿಲ್ಲ.

"ಸೋಮವಾರ ಇಪ್ಪತ್ನಾಲ್ಕಕ್ಕೆ ಮೋಟ್ರು ಮನೆ ಹತ್ರ ಬತ್ತೀನಿ ಕಣ್ರೀ. ನೀವು ತೋರ್ಸಿ, ಅವ್ರು ತೋರ್ಸಲಿ. ಎರಡ್ ಸಾವ್ರ ಅನ್ನೋದು ನಿಜ ಆದ್ರೆ ಕೀಳಿಸ್ಬೇಕಾಗ್ತದೆ."

"ಎರಡು ಸಾವಿರ ಅಂತ ಯಾರಪ್ಪ ಹೇಳಿದ್ದು?"

"ನೀವೇ ಹೇಳಿದ್ರಂತಲ್ಲ."

ಮೀಟರ್ ಓದುವವನ ಮಾತನ್ನು ಜನ ಇಷ್ಟು ನಂಬುತ್ತಾರೆ ಎಂದು ಕೆಲಸದಲ್ಲಿದ್ದಾಗ ಗೊತ್ತಿರಲಿಲ್ಲ. ಆಗ ಎಲ್ಲರೂ ನನ್ನ ರೀಡಿಂಗ್ ತಪ್ಪೆಂದೇ ಜಗಳವಾಡುತ್ತಿದ್ದರು.

ಫೆಬ್ರವರಿ 18, ಮಂಗಳವಾರ

ಎರಡೇ ವಾಟ್ ಎಂದು ಕಣ್ಣಿಗೆ ಕಾಣುವಂತೆ ತೋರಿಸಬೇಕು. ತಿಪಟೂರಿನಿಂದ ಬಸ್ ಕಂಡಕ್ಟರ್ ಕೈಯಲ್ಲಿ ಒಂದು ಪುಟ್ಟ ಮೀಟರ್ ತರಿಸಿದೆ. ಲ್ಯಾಪ್‌ಟಾಪಿಗೂ ಕಾರ್ಡಿಗೂ ನಡುವೆ ಅದನ್ನು ಚುಚ್ಚಿದರೆ ಕಾರ್ಡ್ ಎಷ್ಟು ಕರೆಂಟ್ ತಿನ್ನುತ್ತಿದೆ ಎಂದು ತೋರಿಸುತ್ತದೆ. ನಿವೃತ್ತಿಯಾದ ಮೇಲೆ ಕೈಗೆ ಬಂದ ಮೊದಲ ಮೀಟರ್! ಚಿತ್ತಯ್ಯನಿಂದ ಲ್ಯಾಪ್‌ಟಾಪನ್ನೂ ಕಾರ್ಡನ್ನೂ ಮನೆಗೆ ತರಿಸಿಕೊಂಡೆ. ಮನೆಯವಳ ಮುಖ ಊದಿಕೊಂಡಿತು. ಮಂಗಳಾ ನಮ್ಮ ಮನೆಯ ಕಿಟಕಿಯ ಬಳಿ ಬಂದು, "ಅಣ್ಣ, ಲ್ಯಾಪ್‌ಟಾಪು ಮತ್ತೆ ಯಾವಾಗ ತೋಟಕ್ಕೆ ಹೋಗ್ತದೆ?" ಎಂದು ಕೇಳಿದಳು. ಗಂಡ ಅರ್ಜಿ ಬರೆಯುತ್ತಾನೆ, ಹೆಂಡತಿಗೆ ನನ್ನ ತೋಟದ ಕಾಳಜಿ! ಒಳ್ಳೆಯ ಹೆಂಗಸು.

ಈಗ ಮುಖ್ಯ ವಿಷಯ. ದೊಡ್ಡದೊಂದು ವಿಡಿಯೋ ಕಳಿಸುತ್ತಾ ಕಾರ್ಡ್ ಏದುಸಿರು ಬಿಡುವಂತೆ ಮಾಡಿದರೂ ಮೀಟರ್ ಒಂದೂವರೆ ವಾಟ್ ದಾಟಲಿಲ್ಲ. ಮೂರು ಸಲ ಕಿತ್ತು ಚುಚ್ಚಿದೆ. ಅಷ್ಟೇ.

ಮೊದಲು ಸಿಟ್ಟು ಬಂತು. ಎರಡು ವಾಟ್ ಎಂದು ಕೊಂಡದ್ದು. ಆಮೇಲೆ ಕೂತು ಯೋಚಿಸಿದೆ. ಮೀಟರ್ ತೋರಿಸುತ್ತಿರುವುದು ಕಾರ್ಡ್ ತಿನ್ನುವುದನ್ನು. ಡಬ್ಬದ ಮೇಲೆ ಬರೆದಿರುವುದು ಅದು ಗಾಳಿಗೆ ಬಿಡುವುದನ್ನು. ಒಂದೂವರೆ ತಿಂದು ಎರಡು ಬಿಡುವ ಯಂತ್ರ ಭೂಮಿಯ ಮೇಲೆ ಇಲ್ಲ. ಇದ್ದಿದ್ದರೆ ನಮ್ಮ ಇಲಾಖೆಯನ್ನು ಮುಚ್ಚಬಹುದಿತ್ತು. ಡಬ್ಬ ಸುಳ್ಳು ಹೇಳುತ್ತಿದೆ!

ಅಂಗಡಿಯವನಿಗೆ ಫೋನ್ ಮಾಡಿದೆ. "ಎಲ್ಲಾ ಕಂಪ್ನಿಯವ್ರೂ ಹಂಗೇ ಬರೀತಾರೆ ಸರ್, ಗಿರಾಕಿಗೆ ಖುಷಿ ಆಗ್ಲಿ ಅಂತ" ಎಂದ.

ಕಾರ್ಡಿನ ಒಳಗಿನ ಚಿಪ್‌ನ ಹೆಸರು ಹುಡುಕಿ, ಅದನ್ನು ಮಾಡಿದವರ ಕಾಗದವನ್ನೇ ಮೊಬೈಲಿನಲ್ಲಿ ಓದಿದೆ. ಅದು ಗಾಳಿಗೆ ಬಿಡುವುದು ಹೆಚ್ಚೆಂದರೆ ಒಂದು ವಾಟಿನ ಹತ್ತರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಎಲ್ಲಿ ಹೋಗುತ್ತದೆ? ಮುಟ್ಟಿ ನೋಡಿದೆ: ಕಾರ್ಡ್ ಬಿಸಿಯಾಗಿತ್ತು. ಶಾಖಕ್ಕೆ ಹೋಗುತ್ತದೆ, ಲೆಕ್ಕಾಚಾರ ಮಾಡುವುದಕ್ಕೆ ಹೋಗುತ್ತದೆ. ಇನ್ನೂ ವಿಚಿತ್ರವೆಂದರೆ, ಏನೂ ಕಳಿಸದೆ ಆ ಕಡೆಯ ಮಾತಿಗೆ ಕಾದು ಕೂತಿರುವಾಗಲೂ ಅದು ಸುಮಾರು ಒಂದು ವಾಟ್ ತಿನ್ನುತ್ತಲೇ ಇರುತ್ತದೆ.

ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು. ಪರಮೇಶ ಬರುವುದಿಲ್ಲ. ಅಡುಗೆಮನೆಗೆ ಕೂಗಿ ಮನೆಯವಳಿಗೆ ಹೇಳಿದೆ: "ಕೇಳಿಸ್ತಾ? ಸುಮ್ನೆ ಕೇಳಿಸ್ಕೊಳ್ಳೋದಕ್ಕೂ ಇಷ್ಟೊಂದು ಪವರ್ ಬೇಕಂತೆ ಕಣೇ!"

"ನಂಗೊತ್ತಿತ್ತು" ಎಂದಳು.

ಅವಳಿಗೆ ಹೇಗೆ ಗೊತ್ತಿತ್ತೋ ತಿಳಿಯಲಿಲ್ಲ.

ಫೆಬ್ರವರಿ 19, ಬುಧವಾರ

ಇನ್ನೊಂದು ಪರೀಕ್ಷೆ. ಕಾರ್ಡಿನ ಪ್ರಸಾರ ಶಕ್ತಿಯನ್ನು ಕಡಿಮೆ ಮಾಡುವ ಜಾಗ ಲ್ಯಾಪ್‌ಟಾಪಿನಲ್ಲೇ ಸಿಕ್ಕಿತು. ಕಡಿಮೆ ಮಾಡಿದರೆ ಪರಮೇಶನಿಗೂ ಸಮಾಧಾನ, ಬ್ಯಾಟರಿಯೂ ಉಳಿಯುತ್ತದೆ ಎಂದುಕೊಂಡೆ. ತೀರಾ ತಳಕ್ಕೆ ಇಳಿಸಿದೆ. ಮೀಟರ್ ಒಂದು ಕೂದಲೆಳೆಯಷ್ಟು ಇಳಿಯಿತು, ಅಷ್ಟೇ! ಬಿಡುವುದೇ ಚಿಟಿಕೆಯಷ್ಟು. ಆ ಚಿಟಿಕೆಯಲ್ಲಿ ಉಳಿಸಿ ಎಷ್ಟು ಉಳಿಸಿಯೇವು? ಮೇಲಾಗಿ ಮನೆಯ ಹಿತ್ತಲಿಗೆ ಒಯ್ಯಿಸಿ ನೋಡಿದರೆ ಚಿತ್ರ ತಡವರಿಸತೊಡಗಿತು. ದನಿ ಸಣ್ಣದಾದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಅದಕ್ಕೆ ಇನ್ನಷ್ಟು ಕರೆಂಟ್. ಮೊದಲಿನಂತೆಯೇ ಇಟ್ಟೆ.

ಪರಮೇಶನಿದ್ದರೆ ಇದಕ್ಕೆ ಏನಾದರೂ ಕೀಟಲೆ ಮಾಡುತ್ತಿದ್ದ.

ಲ್ಯಾಪ್‌ಟಾಪ್ ಮಧ್ಯಾಹ್ನಕ್ಕೆ ಮುಂಚೆ ತೋಟಕ್ಕೆ ಹೋಯಿತು. ಮನೆಯವಳ ಮುಖದ ಊತ ಇಳಿಯಿತು. ರಾಗಿಮುದ್ದೆಗೆ ಎರಡು ಸೌಟು ಸಾರು ಹೆಚ್ಚಿಗೆ ಬಿತ್ತು.

ಫೆಬ್ರವರಿ 21, ಶುಕ್ರವಾರ

ಮೋಟರ್ ಮನೆಯ ಬ್ಯಾಟರಿ ಡಬ್ಬದ ಮೇಲೆ ಅಂಕಿ ಕಾಣುತ್ತದೆ. ಚಿತ್ತಯ್ಯನಿಂದ ಫೋನಿನಲ್ಲಿ ಆಗಾಗ ಓದಿಸಿಕೊಂಡೆ. ನೆತ್ತಿಯ ಮೇಲೆ ಬಿಸಿಲಿರುವಾಗ ಬ್ಯಾಟರಿ ತುಂಬಬೇಕು. ಆದರೆ ಚಿತ್ರ ಹೋಗುವ ಹೊತ್ತಿಗೇ ಅದು ಇಳಿಯುತ್ತದೆ. ಕಾರ್ಡ್ ಅಷ್ಟು ತಿನ್ನಲಾರದು, ನಾನೇ ಅಳೆದಿದ್ದೇನೆ. ಮಡಚಿಟ್ಟ ಲ್ಯಾಪ್‌ಟಾಪೂ ಅಷ್ಟು ತಿನ್ನಲಾರದು. ತೆರೆದರೆ ಮಾತ್ರ, ಪರದೆ ಬೆಳಗಿದರೆ, ಮೇಲೆ ಫ್ಯಾನೂ ತಿರುಗಿದರೆ ತಿನ್ನುತ್ತದೆ.

ಸಿಗ್ನಲ್ ಬಾಡುತ್ತಿಲ್ಲ. ಯಾರೋ ಲ್ಯಾಪ್‌ಟಾಪ್ ತೆರೆಯುತ್ತಿದ್ದಾರೆ!

ಚಿತ್ತಯ್ಯ ಸಿನಿಮಾ ನೋಡುತ್ತಿದ್ದಾನೆ. ಕಳ್ಳ ಕರೆಂಟ್ ಹಿಡಿಯಲು ಹೋಗುವಾಗ ಮೈ ಝುಂ ಎನ್ನುತ್ತಿತ್ತು, ಇವತ್ತು ಮತ್ತೆ ಹಾಗೆಯೇ ಆಯಿತು. ನಾಳೆ ಹಿಡಿಯುತ್ತೇನೆ.

ಫೆಬ್ರವರಿ 22, ಶನಿವಾರ

ಡೇರಿಯ ಹಾಲಿನ ಆಟೋದವನನ್ನು ಕಾಡಿ ಬೇಡಿ, ಕ್ಯಾನುಗಳ ನಡುವೆ ಪ್ಲಾಸ್ಟರ್ ಕಾಲು ಚಾಚಿಕೊಂಡು ತೋಟಕ್ಕೆ ಹೋದೆ. ಗೇಟಿನಿಂದ ಊರುಗೋಲು ಹಿಡಿದು ಸದ್ದಿಲ್ಲದೆ ನಡೆದೆ. ಚಿತ್ತಯ್ಯ ಮರದ ಮೇಲಿದ್ದ. ಗೊನೆಗೆ ಹಗ್ಗ ಕಟ್ಟಿ, ಒಂದು ಕಾಯಿಯೂ ಒಡೆಯದಂತೆ ಮೆಲ್ಲಗೆ ಇಳಿಸುತ್ತಿದ್ದ. ಕೆಳಗೆ ಯಾರೂ ನಿಂತಿರಲಿಲ್ಲ. ನನ್ನನ್ನು ನೋಡಿದವನೇ ಮರದ ಮೇಲಿಂದಲೇ ಕೈ ಮುಗಿಯಲು ಹೋದ. "ಹಿಡ್ಕಳ್ಳೋ, ಹಿಡ್ಕೋ!" ಎಂದು ಕೂಗಿದೆ. ಗುಟ್ಟು ಅಲ್ಲಿಗೇ ಒಡೆಯಿತು.

ಹಾಗಾದರೆ ಒಳಗಿರುವವರು ಯಾರು? ಬಾಗಿಲು ತಳ್ಳಿದೆ. ಲ್ಯಾಪ್‌ಟಾಪಿನಿಂದ ಒಬ್ಬ ಹೆಂಗಸಿನ ದನಿ ಬರುತ್ತಿತ್ತು: "ಸೂಜಿ ಮೇಲಿಂದ ಚುಚ್ಚಿ, ದಾರ ಕೆಳಗಿಂದ ಎಳ್ಕೊಳ್ಳಿ." ಎದುರಿಗೆ ಒಂದು ಮರದ ಚೌಕಟ್ಟು, ಅದಕ್ಕೆ ಬಿಗಿದ ಹಸಿರು ರೇಷ್ಮೆ ಬಟ್ಟೆ. ಬಟ್ಟೆಯ ಮೇಲೆ ಬಗ್ಗಿದ್ದವರು ನನ್ನ ಹೆಂಡತಿ ಮತ್ತು ಮಂಗಳಾ.

 ಪರದೆಯ ಹೆಂಗಸು, "ದ್ರಾಕ್ಷಾಯಣಮ್ಮ, ನಿಮ್ಮ ಹಿಂದೆ ಯಾರೋ ನಿಂತಿದಾರೆ" ಎಂದಳು.

"ನಮ್ಮನೆಯವ್ರು ಮೇಡಂ" ಎಂದಳು ಇವಳು, ತಲೆ ಎತ್ತದೆ.

ತುಮಕೂರಿನ ಗಾನವಿ ಮೇಡಂ ಎಂಬವರು ರವಿಕೆಗೆ ಆರಿ ವರ್ಕ್, ಎಂದರೆ ಕೊಕ್ಕೆ ಸೂಜಿಯ ಕಸೂತಿ, ಮಾಡುವುದನ್ನು ವಿಡಿಯೋದಲ್ಲಿ ಕಲಿಸುತ್ತಾರಂತೆ. ಫೋನಿನ ಪುಟ್ಟ ಪರದೆಯಲ್ಲಿ ಸೂಜಿಯ ಕೊಕ್ಕೆ ಕಾಣುವುದಿಲ್ಲ. ಹಿಂದೆ ಕೊಬ್ಬರಿ ಮಂಡಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡಿದ್ದ ಮಂಗಳಾಳೇ ನನ್ನ ಲ್ಯಾಪ್‌ಟಾಪ್ ಜೋಡಿಸಿದವಳು. ದಿನಾ ಕ್ಲಾಸಿನ ಹೊತ್ತಿಗೆ ನನ್ನ ಕ್ಯಾಮೆರಾ ನಿಲ್ಲಿಸಿ, ಮುಗಿದ ಮೇಲೆ ಹಾಕಿ ಬರುತ್ತಿದ್ದವಳೂ ಅವಳೇ.

"ಚಿತ್ತಯ್ಯನಿಗೂ ಗೊತ್ತಿತ್ತಾ?"

"ಅವ್ನೇ ಚೌಕಟ್ಟು ಮಾಡಿಕೊಟ್ಟಿದ್ದು" ಎಂದಳು ಇವಳು.

"ಮನೆಯಲ್ಲೇ ಕೂತು ಕಲಿಯಬಹುದಿತ್ತಲ್ಲ?"

"ಮನೇಲಿ ಕೂತ್ರೆ ಸೂಜಿ ಹಿಡಿಯೋದ್ನೂ ನೀವೇ ಹೇಳ್ಕೊಡ್ತೀರಿ ಕಣ್ರೀ."

ನಾನು ಹಾಗೆ ಮಾಡುವವನಲ್ಲ. ಅವಳು ಸೂಜಿಯನ್ನು ಸ್ವಲ್ಪ ಓರೆಯಾಗಿ ಹಿಡಿದಿದ್ದಳು. ಅದಷ್ಟನ್ನೇ ಹೇಳಿದೆ. ಇಬ್ಬರೂ ನಕ್ಕರು. ಪರದೆಯಲ್ಲಿ ಮೇಡಮ್ಮೂ ನಕ್ಕರು.

ಮಂಗಳಾ ಮಾತ್ರ ಕೊನೆಗೆ ಗಂಭೀರವಾದಳು. ಸೋಮವಾರ ಮಧ್ಯಾಹ್ನ ಅವರ ಕೊನೆಯ ಪರೀಕ್ಷೆ. ಮುಗಿಸಿದ ರವಿಕೆಯನ್ನು ತೋರಿಸಬೇಕು, ಮೇಡಂ ಹೇಳಿದ ಹೊಲಿಗೆಯನ್ನು ಅವರ ಎದುರಿಗೇ ಹಾಕಬೇಕು. ಪಾಸಾದರೆ ತುರುವೇಕೆರೆಯ ಒಂದು ಬಟ್ಟೆ ಅಂಗಡಿ ಇವರಿಬ್ಬರಿಗೂ ಕೆಲಸ ಕೊಡುತ್ತದೆ. "ನಮ್ಮೋರ್ಗೆ ಹೇಳ್ಬೇಡಿ ಅಣ್ಣ. ಈ ವಯಸ್ಸಿಗೆ ಸ್ಕೂಲು ಅಂತ ಮಂಡಿಯಲ್ಲೆಲ್ಲ ಹೇಳ್ಕಂಡು ನಗ್ತಾರೆ. ಪಾಸಾದ್ಮೇಲೆ ನಾನೇ ಹೇಳ್ತೀನಿ."

ಜುಂಜೇಶ್ ಬರುವುದೂ ಸೋಮವಾರವೇ ಎಂದು ನಾನು ಹೇಳಿದೆ. ಇಬ್ಬರೂ ಸೂಜಿ ಕೆಳಗಿಟ್ಟರು. ಕ್ಲಾಸಿನ ನಡುವೆ ಕಾರ್ಡ್ ಕಿತ್ತರೆ?

ಫೆಬ್ರವರಿ 23, ಭಾನುವಾರ

ಬೆಳಗಿನಿಂದ ಸಂಜೆಯವರೆಗೂ ಮೋಟರ್ ಮನೆಯಲ್ಲಿದ್ದೆ. ನಾಳೆ ಜುಂಜೇಶನಿಗೆ ತೋರಿಸಬೇಕಾದ್ದನ್ನೆಲ್ಲ ಮತ್ತೆ ಮತ್ತೆ ಮಾಡಿ ನೋಡಿದೆ. ಎಲ್ಲ ಸರಿಯಾಗಿದೆ.

ಫೆಬ್ರವರಿ 24, ಸೋಮವಾರ

ಎಲ್ಲ ಸರಿಯಾಗಿರಲಿಲ್ಲ. ನಿನ್ನೆ ಇಡೀ ದಿನ ನಾನು ಪರೀಕ್ಷೆ ಮಾಡಿ ಮಾಡಿ ಬ್ಯಾಟರಿ ಬಸಿದ್ದೆ. ಇವತ್ತು ಮೋಡ ಬೇರೆ. ಮೋಟರ್ ಲೈನಿನ ಕರೆಂಟ್ ಸಂಜೆಗೇ ಬರುವುದು. ಕ್ಲಾಸ್ ಶುರುವಾದ ಸ್ವಲ್ಪ ಹೊತ್ತಿಗೆ ಬ್ಯಾಟರಿ ಡಬ್ಬ ಕೀ ಕೀ ಎಂದು ಕೂಗಿತು. ದ್ರಾಕ್ಷಾಯಣಿ ನನ್ನ ಕಡೆ ನೋಡಿದಳು. ಬೈದಿದ್ದರೆ ವಾಸಿ ಇತ್ತು. ಸುಮ್ಮನೆ ನೋಡಿದಳು.

ಯಾವುದು ಎಷ್ಟು ತಿನ್ನುತ್ತದೆ ಎಂಬುದು ನನಗೆ ಗೊತ್ತಿತ್ತು. ಫ್ಯಾನ್ ನಿಲ್ಲಿಸಿದೆ. ದೀಪ ಆರಿಸಿದೆ, ಬಾಗಿಲನ್ನು ಪೂರ್ತಿ ತೆರೆದೆ. ಪರದೆಯ ಬೆಳಕನ್ನು ಇಳಿಸಿದೆ. ಕಿಟಕಿಯ ಕ್ಯಾಮೆರಾದ ತಂತಿ ಕಿತ್ತು ಜೇಬಿಗೆ ಹಾಕಿಕೊಂಡೆ. "ಕಾರ್ಡು ತೆಗೀಬೇಕಾ ಅಣ್ಣ?" ಎಂದು ಮಂಗಳಾ ಹೆದರಿ ಕೇಳಿದಳು. "ಅದನ್ನ ಮುಟ್ಬೇಡಿ, ಅದು ತಿನ್ನೋದು ಪಾಪ ಇಷ್ಟೇ" ಎಂದೆ. ಕೂಗು ನಿಂತಿತು.

ಅಷ್ಟರಲ್ಲಿ ಬೇಲಿಯ ಆಚೆ ಟ್ರ್ಯಾಕ್ಟರ್ ಸದ್ದು. ಪರಮೇಶ ಜುಂಜೇಶನನ್ನು ಕೂರಿಸಿಕೊಂಡೇ ಬಂದಿದ್ದ. ತಲೆಗೆ ದಪ್ಪ ಟವಲ್ ಸುತ್ತಿಕೊಂಡಿದ್ದ, ವಿಕಿರಣ ತಾಗಬಾರದೆಂದು ಇರಬೇಕು.

"ಎಲ್ಲಿದೆ ನಿನ್ ಗೀಸರ್ರು?" ಎಂದು ಒಳಗೆ ನುಗ್ಗಿದ. ನುಗ್ಗಿದವನು ಹೆಂಡತಿಯನ್ನು ನೋಡಿ ಹಾಗೇ ನಿಂತ.

"ಮಂಗಳಾ ಅವ್ರೇ, ಕುತ್ತಿಗೆ ಭಾಗ ಸ್ವಲ್ಪ ಹತ್ರ ತನ್ನಿ" ಎಂದರು ಪರದೆಯ ಮೇಡಂ. ಮಂಗಳಾ ರವಿಕೆಯನ್ನು ಎತ್ತಿ ಹಿಡಿದಳು. ಹಸಿರು ರೇಷ್ಮೆಯ ಮೇಲೆ ಚಿನ್ನದ ಬಣ್ಣದ ಬಳ್ಳಿ, ನಡುನಡುವೆ ಮುತ್ತು. ಪರಮೇಶನ ಟವಲ್ ಬಿಚ್ಚಿ ಹೆಗಲಿಗೆ ಬಿತ್ತು.

"ಇದ್ ಯಾವಾಗಿಂದ?" ಎಂದ.

"ಒಂದು ತಿಂಗ್ಳಿಂದ. ಇದು ಬಂದಾಗಿಂದ ದಿನಾ ಇದರ ಪಕ್ಕದಲ್ಲೇ ಕೂತಿದೀನಿ" ಎಂದಳು ಮಂಗಳಾ, ಕಾರ್ಡಿನ ಕಡೆ ಬೆರಳು ಮಾಡಿ. "ನನ್ನ ಒಂದು ಕೂದ್ಲೂ ಉದುರಿಲ್ಲ. ಬೇಲಿ ಆಚೆ ಇರೋ ನಿಮ್ ಹರಳು ಉದುರ್ತಾವಾ?"

ನಾನು ಜುಂಜೇಶನಿಗೆ ಮೀಟರ್ ತೋರಿಸಿದೆ. ತಿನ್ನುವುದು ಒಂದೂವರೆ, ಬಿಡುವುದು ಅದರಲ್ಲಿ ಒಂದು ಚೂರು, ನಿನ್ನ ಜೇಬಿನ ಫೋನೂ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ ಎಂದೆ. ಅವನು ತನ್ನ ಫೋನನ್ನು ಅಂಗಿಯ ಜೇಬಿನಿಂದ ತೆಗೆದು ಸ್ವಲ್ಪ ದೂರ ಹಿಡಿದುಕೊಂಡ. "ಹಂಗಾದ್ರೆ ಎರಡ್ ಸಾವ್ರ ಅಂದಿದ್ದು?" ಎಂದು ಕೇಳಿದ.

"ನಾನೇ ಬೊಗಳೆ ಬಿಟ್ಟಿದ್ದು" ಎಂದೆ. ಎಲ್ಲರೂ ಕೇಳಿಸಿಕೊಂಡರು. ಪರದೆಯ ಮೇಡಮ್ಮೂ.

ಆಗ ಬ್ಯಾಟರಿ ಮತ್ತೆ ಕೀ ಕೀ ಎಂದಿತು. ಇನ್ನು ನಿಲ್ಲಿಸಲು ಏನೂ ಉಳಿದಿರಲಿಲ್ಲ. ಮಂಗಳಾಳ ಹೊಲಿಗೆ ಅರ್ಧಕ್ಕೆ ಬಂದಿತ್ತು, ದ್ರಾಕ್ಷಾಯಣಿಯದು ಶುರುವೇ ಆಗಿರಲಿಲ್ಲ. ಮಂಗಳಾ ಗಂಡನನ್ನು ನೋಡಿದಳು. ಪರಮೇಶ ನನ್ನನ್ನು ನೋಡಿದ.

"ಟ್ರ್ಯಾಕ್ಟರ್ ಬ್ಯಾಟ್ರಿ ಆಗ್ತದೇನ್ಲಾ ಇದಕ್ಕೆ?"

"ಆಗ್ತದೆ. ಓಡು!"

ಅರ್ಜಿ ಕೊಟ್ಟವನೇ ಓಡಿದ. ಅವನ ಟ್ರ್ಯಾಕ್ಟರ್ ಬೇಲಿಯ ಆಚೆ ಅವನ ತೋಟದಲ್ಲೇ ನಿಂತಿತ್ತು. ಬ್ಯಾಟರಿ ಬಿಚ್ಚಿ ಹೆಗಲ ಮೇಲೆ ಹೊತ್ತು, ದಾರಿ ಹತ್ತಿರವಾಗಲೆಂದು ಮರಗಳ ನಡುವೆಯೇ ಅಡ್ಡ ಬಂದ. ಸ್ವಲ್ಪ ಹೊತ್ತಿಗೆ, "ಅಯ್ಯಯ್ಯೋ!" ಎಂಬ ಕೂಗು ಕೇಳಿಸಿತು. ನಾನು ಬಾಗಿಲಿಗೆ ಬಂದು ನೋಡಿದೆ. ಅವನು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತು ನಿಂತಿದ್ದ. ಮಳೆಯಿಲ್ಲದ ಫೆಬ್ರವರಿಯಲ್ಲಿ! ಹುಲ್ಲಿನ ಕೆಳಗೆ ಅವನ ತೋಟಕ್ಕೆ ನೀರು ಹಾಯಿಸುವ ದೊಡ್ಡ ಪೈಪ್ ಒಡೆದು, ನೀರೆಲ್ಲ ಅಲ್ಲೇ ಇಂಗುತ್ತಿತ್ತು. ಮುಂದಿನ ಸಾಲಿನ ಮರಗಳಿಗೆ ಎಷ್ಟು ದಿನದಿಂದ ನೀರಿರಲಿಲ್ಲವೋ, ಹರಳು ಉದುರದೆ ಇನ್ನೇನು?

"ಪೈಪು ಕಣ್ಲಾ! ಪೈಪು ಒಡ್ದೋಗಿದೆ!" ಎಂದು ಕೂಗಿದ. ಸಿಟ್ಟಿನಿಂದಲೋ ಸಂತೋಷದಿಂದಲೋ ಗೊತ್ತಾಗಲಿಲ್ಲ.

"ಪೈಪ್ ಆಮೇಲೆ! ಬ್ಯಾಟ್ರಿ ತಗಂಡ್ ಬಾ!"

ಒಂದು ಚಪ್ಪಲಿ ಕೆಸರಿಗೆ ಬಿಟ್ಟು ಬಂದ. ನಾನು ತಂತಿ ಜೋಡಿಸಿದೆ, ಸದಸ್ಯ ಜುಂಜೇಶ್ ಮಂಡಿಯೂರಿ ಕ್ಲಿಪ್ ಹಿಡಿದುಕೊಂಡ. ಕೀ ಕೀ ನಿಂತಿತು. ಚಿತ್ರ ಒಂದು ಸಲವೂ ಹೋಗಲಿಲ್ಲ. ಅಷ್ಟು ಹೊತ್ತೂ ನಾವು ಮೂವರು ಗಂಡಸರು ಬಾಯಿ ಬಿಡಲಿಲ್ಲ. ಬಿಡಬಾರದೆಂದು ದ್ರಾಕ್ಷಾಯಣಿ ಮೊದಲೇ ಹೇಳಿದ್ದಳು. ಅವಳು ಸೂಜಿ ಹಿಡಿದಾಗ ನೋಡಿದೆ. ಓರೆಯಾಗಿಯೇ ಹಿಡಿಯುತ್ತಾಳೆ. ಹೊಲಿಗೆ ಹಾಗೆಯೇ ಬರುವುದು ಎಂದು ಆಗ ತಿಳಿಯಿತು.

ಇಬ್ಬರೂ ಪಾಸು.

ಫೆಬ್ರವರಿ 27, ಗುರುವಾರ

ಪರಮೇಶ ಸಂಜೆ ಕಡ್ಲೆಪುರಿ ತಂದ. ಅರ್ಜಿ ವಾಪಸ್ ತೆಗೆದುಕೊಂಡನಂತೆ. ಅರ್ಜಿಯ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಪೈಪಿನ ಮಾತನ್ನು ಮಾತ್ರ ನಾನು ನಾಲ್ಕೈದು ಸಲ ಆಡಿದೆ. ಮಂಡಿಯಲ್ಲಿ ಹೆಂಡತಿಯ ರವಿಕೆಯ ಫೋಟೋವನ್ನು ಎಲ್ಲರಿಗೂ ತೋರಿಸುತ್ತಿದ್ದಾನೆಂದು ಜುಂಜೇಶ್ ಹೇಳಿದ್ದ. ನಗುವುದಕ್ಕಲ್ಲ.

ಎದ್ದು ಹೋಗುವಾಗ ಮೆಲ್ಲಗೆ ಕೇಳಿದ: "ನಮ್ ತೋಟಕ್ಕೂ ಅಂಥದ್ದೊಂದು ಕಾರ್ಡು ಹಾಕಿಸ್ಕೊಡ್ಲಾ. ಮಂಗಳಾ ಅಲ್ಲೇ ಕೂತು ಹೊಲೀತಾಳಂತೆ. ಆದ್ರೆ ನಿಂದು ಬ್ಯಾಡ, ಒಂದೂವರೆ ತಿಂದು ಚೂರು ಬಿಡೋದು. ಸ್ವಲ್ಪ ಜೋರಾಗಿರೋದು ನೋಡು."

ಅವನಿಗೆ ಮತ್ತೆ ಮೊದಲಿಂದ ವಿವರಿಸಿದೆ. ಅರ್ಥವಾಯಿತು ಎಂದ. ಆಗಿಲ್ಲ.

ಮಾರ್ಚ್ 5, ಬುಧವಾರ

ಪ್ಲಾಸ್ಟರ್ ತೆಗೆದರು. ಕಾಲು ಬೆಳ್ಳಗೆ, ಬೇರೆ ಯಾರದೋ ಎಂಬಂತಿದೆ. ನಿಧಾನವಾಗಿ ತೋಟಕ್ಕೆ ನಡೆದೆ. ಕಿಟಕಿಯಲ್ಲಿ ಕ್ಯಾಮೆರಾ ಇಲ್ಲದ್ದಕ್ಕೆ ಚಿತ್ತಯ್ಯನಿಗೆ ಬೇಸರವಾಗಿದೆ. "ಯಾರೂ ನೋಡ್ದೆ ಇದ್ರೆ ಕೆಲ್ಸ ಸಪ್ಪೆ ಆಯ್ತದೆ ಸಾಮಿ" ಎಂದ. ಮತ್ತೆ ಕಟ್ಟೋಣವೇ ಎಂದು ಯೋಚಿಸಿದೆ. ಆದರೆ ಆ ಜಾಗದಲ್ಲಿ ಈಗ ದ್ರಾಕ್ಷಾಯಣಿ ದಾರದ ಉಂಡೆಗಳನ್ನು ಸಾಲಾಗಿ ತೂಗುಹಾಕಿದ್ದಾಳೆ. ಚೆನ್ನಾಗಿ ಕಾಣುತ್ತದೆ.

ತುರುವೇಕೆರೆಯ ಅಂಗಡಿಯಿಂದ ಮೊದಲ ಕೆಲಸ ಬಂದಿದೆ, ಮದುಮಗಳ ರವಿಕೆ. ಜರಿ ದಾರದ ಲಡಿ ಗಂಟಾಗಿತ್ತು. ಬಿಡಿಸಿ ಸುತ್ತುವವರೆಗೆ ಎರಡೂ ಕೈ ಚಾಚಿ ಹಿಡಿದುಕೊಂಡಿರಿ, ಅಲ್ಲಾಡಬೇಡಿ ಎಂದಳು. ಹಿಡಿದುಕೊಂಡೆ. ಎದುರಿಗೆ ಪರಮೇಶ ಮಂಗಳಾಳ ಲಡಿ ಹಿಡಿದು ಕೂತಿದ್ದ. ಹೆಂಗಸರಿಬ್ಬರೂ ಯಾವ ಹೂವಿಗೆ ಯಾವ ಬಣ್ಣ ಎಂದು ಮಾತಾಡುತ್ತಿದ್ದರು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಬಿಸಿಲು ಇಳಿಯುವವರೆಗೂ ಹಾಗೆಯೇ ಕೂತಿದ್ದೆವು.

ಕೈ ಸೋತಿದೆ, ಇವತ್ತು ಹೆಚ್ಚು ಬರೆಯಲಾರೆ. ನಾಳೆ ಯಾವ ಸಾಲಿನಿಂದ ಗೊನೆ ಇಳಿಸಬೇಕೆಂದು ಚಿತ್ತಯ್ಯನಿಗೆ ಹೇಳಿ ಬರಬೇಕಿತ್ತು, ಮರೆತೆ. ಅವನಿಗೆ ಗೊತ್ತಿರುತ್ತದೆ.